ಕಮಿಟ್ ಭಾವ

ಮುಯ್ಯಿ ಬರೆಯಲು ನೋಟ್‌ಬುಕ್ ಸಾಲದು, ಡೇಟಾಬೇಸ್ ಬೇಕು ಎನ್ನುವವರು ಈಗ ಪ್ರತಿ ಬಳಗದಲ್ಲೂ ಒಬ್ಬರಿದ್ದಾರೆ. ನಮ್ಮಲ್ಲಿ ಅವರು ಕಮಿಟ್ ಭಾವ.

ಬೆಂಗಳೂರಿನ ಕಂಪನಿಯಲ್ಲಿ ಕೆಲಸ. ರೇಷ್ಮೆ ಪಂಚೆಯುಟ್ಟು, ತಾಂಬೂಲದ ಚೀಲಗಳ ನಡುವೆ ಲ್ಯಾಪ್‌ಟಾಪ್ ಪ್ರತಿಷ್ಠಾಪಿಸಿ ಕೂರುತ್ತಾರೆ. 2006ರಿಂದಲೇ ಎಸ್‌ಕ್ಯೂಲೈಟ್ ಮಾಡ್ಯೂಲು ಪೈಥಾನ್ ಜೊತೆಗೇ ಬರುತ್ತದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ ಎಂಬುದನ್ನು ನೀರು ತಂದುಕೊಟ್ಟ ಹುಡುಗನಿಗೂ ಹೇಳದೆ ಬಿಡುವುದಿಲ್ಲ.

ಟೇಬಲ್ ಎರಡು: ಮನೆ ಮತ್ತು ಮುಯ್ಯಿ. ಮೊದಲು ಮನೆಯ ಸಾಲು ಸೇರಬೇಕು. ಅದಕ್ಕೆ ಸಿಕ್ಕ ಐಡಿಯನ್ನು ಲಾಸ್ಟ್‌ರೋಐಡಿಯಿಂದ ಹಿಡಿದು, ಆಮೇಲೆ 501 ರೂಪಾಯಿಯ ಸಾಲು. ಎರಡೂ ಸೇರಿದರೆ ಸರಿ, ಇಲ್ಲದಿದ್ದರೆ ಎರಡೂ ಇಲ್ಲ. ಸೇರಿದ ಕೂಡಲೇ “ಕಮಿಟ್!” ಎಂದು ಕೂಗುತ್ತಾರೆ. ಓಲಗದವರು ಒಮ್ಮೆ ಅದನ್ನೇ ಗಟ್ಟಿಮೇಳದ ಸೂಚನೆ ಎಂದುಕೊಂಡು ಊದಿಬಿಟ್ಟರು.

“ಐಡಿಗಳಲ್ಲಿ ಯಾವುದು ದೊಡ್ಡದೋ ಅದನ್ನೇ ತಗೊಂಡ್ರಾಯ್ತಲ್ಲ ಭಾವ?” ಎಂದ ಎಂಜಿನಿಯರಿಂಗ್ ಹುಡುಗನೊಬ್ಬ. ಭಾವ ಕವರು ಕೆಳಗಿಟ್ಟರು. ಮನೆಯ ಸಾಲಿಗೇ ಒಮ್ಮೆ ಕಮಿಟ್ ಆಗಿ, ಅಷ್ಟರಲ್ಲಿ ಇನ್ನೊಂದು ಲ್ಯಾಪ್‌ಟಾಪಿನಿಂದ ಬೇರೆ ಮನೆ ಸೇರಿಬಿಟ್ಟರೆ ಮಂಡ್ಯದವರ ದುಡ್ಡು ಹಾಸನದವರ ಹೆಸರಿಗೆ ಬೀಳುವುದಿಲ್ಲವೇ ಎಂದು ಅವನನ್ನು ಕೂರಿಸಿಕೊಂಡು ಪಾಠ ಮಾಡಿದರು. ಮಾತೇನೋ ನಿಜ. ಆದರೆ ಛತ್ರದಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪು, ಮುಯ್ಯಿಗೆ ನಿಂತವರ ಸಾಲು ಮಾತ್ರ ಊಟದ ಹಾಲಿನವರೆಗೆ ಬೆಳೆದಿತ್ತು.

ಅವರ ದೊಡ್ಡ ಆತಂಕ ಇನ್ನೊಂದು. ಸಾಮಾನ್ಯವಾಗಿ ಎಸ್‌ಕ್ಯೂಲೈಟ್ ಫಾರಿನ್ ಕೀಯನ್ನು ತಾನಾಗಿ ಕಾಯುವುದಿಲ್ಲ. ಪ್ರತಿ ಕನೆಕ್ಷನ್ನಿನಲ್ಲೂ ಪ್ರಾಗ್ಮಾ ಕೊಟ್ಟು ಎಬ್ಬಿಸಬೇಕು. ಮರೆತರೆ, ಮನೆಯೇ ಇಲ್ಲದ ಮುಯ್ಯಿಯನ್ನೂ ತೆಪ್ಪಗೆ ನುಂಗುತ್ತದೆ. ಭಾವ ಮರೆಯುವವರೇ? ಮೇಲಾಗಿ ಹೆಸರು ಖಾಲಿ ಬಿಡಬಾರದೆಂದು ‘ನಾಟ್ ನಲ್’ ಬೇರೆ ಜಡಿದಿದ್ದರು. ಹೀಗಾಗಿ ಹೆಸರು ಬರೆಯದ ಕವರೊಂದು ಕೈಗೆ ಬಂದಾಗ ಇಡೀ ಮುಯ್ಯಿಯೇ ನಿಂತುಹೋಯಿತು. ಇಂಟೆಗ್ರಿಟಿ ಎರರ್. ರೋಲ್‌ಬ್ಯಾಕ್.

“ಇದನ್ನ ತಗೊಳ್ಳೋ ಹಾಗಿಲ್ಲ. ಯಾರು ಕೊಟ್ಟಿದ್ದು ಅಂತ ಹುಡುಕಿ ವಾಪಸ್ ಕೊಡಿ.”

“ಕೊಟ್ಟೋರು ಹೋಳಿಗೆ ತಿಂದು ಆಗ್ಲೇ ಬಸ್ ಹತ್ತಿದ್ರು ಅಳಿಯಂದ್ರೇ,” ಎಂದರು ದೊಡ್ಡಮ್ಮ. “ನಿಮ್ಮ ಟೇಬಲ್‌ಗೆ ಬೇಡ್ದಿದ್ರೆ ಇತ್ಲಾಗ್ ಕೊಡಿ.”

ಕವರು ಸೊಂಟದ ಸಂಚಿ ಸೇರಿತು. ಅಲ್ಲಿ ಯಾವ ಎರರೂ ಬರಲಿಲ್ಲ.