ಅವಸರಕ್ಕೊಂದು ಕಾರ್ಡು

ಅಮೆರಿಕದಲ್ಲಿರುವ ನಮ್ಮವರು ನಾಲ್ಕು ಜನ ಸೇರಿದರೆ ಈಗ ಕಾರ್ಡಿನದೇ ಮಾತು. ಅಮೆಕ್ಸ್ ಪ್ಲಾಟಿನಮ್ ಕ್ರೆಡಿಟ್ ಕಾರ್ಡು ಇದ್ದರೆ, ಅಮೆರಿಕಕ್ಕೆ ಮರಳುವಾಗ ವಲಸೆ ಸಾಲನ್ನು ಬೇಗ ದಾಟಿಸುವ ಗ್ಲೋಬಲ್ ಎಂಟ್ರಿಯ 120 ಡಾಲರ್ ಶುಲ್ಕ ವಾಪಸ್ಸು, ಐದು ವರ್ಷ ನಿಶ್ಚಿಂತೆ, ಜೊತೆಗೆ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯನ್ನು ಬೇಗ ಮುಗಿಸುವ ಟಿಎಸ್‌ಎ ಪ್ರೀಚೆಕ್ ಪುಕ್ಕಟೆ! ಪುಕ್ಕಟೆ ಅಂದರೆ, ಕಾರ್ಡಿಗೆ ವರ್ಷಕ್ಕೆ 895 ಡಾಲರ್ ತೆತ್ತ ಮೇಲೆ.

ಪ್ರೀಚೆಕ್ಕಿನವರು ಬೂಟು ಬಿಚ್ಚದೆ ಬೀಗುತ್ತ ಹೋಗುತ್ತಿದ್ದರು. 2025ರ ಜುಲೈಯಲ್ಲಿ ಸರ್ಕಾರ ಇನ್ನು ಯಾರೂ ಬಿಚ್ಚಬೇಕಾಗಿಲ್ಲ ಎಂದುಬಿಟ್ಟಿತು. ತೂತು ಕಾಲುಚೀಲದವರೆಲ್ಲ ಒಂದೇ ಏಟಿಗೆ ಪ್ಲಾಟಿನಮ್ ದರ್ಜೆಗೇರಿದರು! ಬೆಲ್ಟು ಬಿಚ್ಚದೆ, ಲ್ಯಾಪ್‌ಟಾಪು ಹೊರತೆಗೆಯದೆ ಹೋಗುವ ಗತ್ತು ಪ್ರೀಚೆಕ್ಕಿನವರಿಗೆ ಇನ್ನೂ ಉಳಿದಿದೆ ಬಿಡಿ.

ಆದರೆ ಕೈಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಇದ್ದರೆ ಯಾವ ಕಾರ್ಡಿನ ಆಟವೂ ನಡೆಯದು. 350 ಮಿಲಿಲೀಟರ್ ಮೀರಿದ ಪುಡಿಯನ್ನು ಪಕ್ಕಕ್ಕಿಟ್ಟು ತಪಾಸಣೆ ಮಾಡಬಹುದು. ಏನಿದು ಎಂದು ಕೇಳಿದರೆ ದೋಸೆಗೆ ಅನ್ನಿ. ‘ಖಾರದ ಬಾಂಬು’ ಎಂದು ಮಾತ್ರ ಬಾಯಿತಪ್ಪಿಯೂ ಹೊಗಳಬೇಡಿ.