ವಾರಸಭಾ ಮೀಮಾಂಸೆ

ಉಪೋದ್ಘಾತ

ಲೋಕದಲ್ಲಿ ಯಾಗಗಳು ಅಳಿದುವೆಂದೂ ಯಜಮಾನರು ತೀರಿದರೆಂದೂ ಪೂರ್ವಮೀಮಾಂಸಾಶಾಸ್ತ್ರವು ಪರೀಕ್ಷೆಗೆ ಕೂಡುವ ವಿದ್ಯಾರ್ಥಿಗಳ ಹೊರತು ಮತ್ತಾರಿಗೂ ಬೇಡವಾಯಿತೆಂದೂ ವ್ಯಥೆಪಡುವ ಪಂಡಿತರು, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿದೊಡನೆ ಸಿಕ್ಕುವ ದೊಡ್ಡಮಳೂರಿನಲ್ಲಿ ಇಳಿದು, ಅಪ್ರಮೇಯಸ್ವಾಮಿಯ ಮತ್ತು ಅಂಬೆಗಾಲು ಕೃಷ್ಣನ ದರ್ಶನವನ್ನು ಮುಗಿಸಿಕೊಂಡು, ಸಂಜೆಯ ಬಸ್ಸನ್ನು ತಪ್ಪಿಸಿಕೊಂಡು, ಆ ಸುತ್ತಿನಲ್ಲಿ ವಾರಕ್ಕೊಮ್ಮೆ ಕೂಡುವ ಸೇವಾಸಂಘವೊಂದರ ಸಭೆಗೆ ಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ನೋಡುವುದಾದರೆ, ಜೈಮಿನಿ ಮಹರ್ಷಿಯ ಹನ್ನೆರಡು ಅಧ್ಯಾಯಗಳೂ ಇಸ್ತ್ರಿಯಾದ ಬಿಳಿಯ ಷರಟು ತೊಟ್ಟು ತಮ್ಮ ಕಣ್ಣಮುಂದೆಯೇ ಓಡಾಡುತ್ತಿರುವುದನ್ನು ಕಂಡು ಸಮಾಧಾನ ಹೊಂದುವರು.

ಆ ಸಂಘವು ಯಾವುದು, ಅದರ ಅಧ್ಯಕ್ಷರಾರು ಎಂದು ಕೇಳತಕ್ಕದ್ದಲ್ಲ. ಶಬ್ದಕ್ಕೆ ಅರ್ಥವು ಜಾತಿಯೇ ಹೊರತು ವ್ಯಕ್ತಿಯಲ್ಲವೆಂಬುದು ಮೀಮಾಂಸಕರ ಸಿದ್ಧಾಂತವಾದುದರಿಂದ, ಇಲ್ಲಿ ಸಂಘವೆಂದರೆ ಸಂಘತ್ವ, ಅಧ್ಯಕ್ಷರೆಂದರೆ ಅಧ್ಯಕ್ಷತ್ವ. ಯಾರಾದರೂ ಈ ಬರಹದಲ್ಲಿ ತಮ್ಮ ಮುಖವನ್ನು ಕಂಡರೆ ಅದು ಅವರ ದೃಷ್ಟಿಯ ಸೂಕ್ಷ್ಮತೆಯೇ ಹೊರತು ಲೇಖಕನ ಅಪರಾಧವಲ್ಲ. ಇನ್ನು ಶಾಸ್ತ್ರಾರಂಭದಲ್ಲಿ ಹೇಳಲೇಬೇಕಾದ ಅನುಬಂಧಗಳು ನಾಲ್ಕು. ವಿಷಯ, ವಾರದ ಸಭೆ. ಪ್ರಯೋಜನ, ಕಡೆಯಲ್ಲಿ ವಿಚಾರಿಸಲ್ಪಡತಕ್ಕದ್ದು. ಸಂಬಂಧ, ಸಭೆಗೂ ಸೇವೆಗೂ ಇರುವುದೆಂದು ನಂಬಲಾಗಿರುವ ನಂಟು. ಅಧಿಕಾರಿ, ವಾರ್ಷಿಕ ಚಂದಾವನ್ನು ಬಾಕಿಯಿಲ್ಲದೆ ತೆತ್ತವನು.

ಪ್ರಕೃತಿ–ವಿಕೃತಿ ವಿಚಾರ

ಅಂಗಗಳೆಲ್ಲವೂ ಸಂಪೂರ್ಣವಾಗಿ ಉಪದೇಶಿಸಲ್ಪಟ್ಟ ಮೂಲಯಾಗಕ್ಕೆ ಪ್ರಕೃತಿಯೆಂದೂ, ಅದನ್ನು ನೋಡಿಕೊಂಡು ಅದರಂತೆಯೇ ನಡೆಸುವ ಯಾಗಕ್ಕೆ ವಿಕೃತಿಯೆಂದೂ ಹೆಸರು. ವಾರಸಭೆಯ ಪ್ರಕೃತಿಯು 1905ನೆಯ ಇಸವಿ ಫೆಬ್ರವರಿ 23ರಂದು ಶಿಕಾಗೊ ನಗರದಲ್ಲಿ ಜರುಗಿತು. ಅಂದು ಪಾಲ್ ಹ್ಯಾರಿಸ್ ಎಂಬ ವಕೀಲನು ಒಬ್ಬ ಗಣಿ ಇಂಜಿನಿಯರು, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ದರ್ಜಿ, ಈ ಮೂವರೊಡನೆ ಕುಳಿತು, ಅಪರಿಚಿತರ ಆ ಮಹಾನಗರದಲ್ಲಿ ಬೇರೆಬೇರೆ ಕಸಬಿನ ನಾಲ್ಕು ಜನ ಸ್ನೇಹದಿಂದಿರುವುದು ಹೇಗೆಂದು ವಿಚಾರಮಾಡಿದನು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದುದರಿಂದ ಆ ಕೂಟಕ್ಕೆ ರೋಟರಿಯೆಂದು ಹೆಸರಾಯಿತು. 1917ರಲ್ಲಿ ಅದೇ ಶಿಕಾಗೊದಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರಸ್ಥನು ಲಯನ್ಸ್ ಸಂಸ್ಥೆಗೆ ಕಾರಣನಾದನು. ಶಾಖೆಗಳು ಎರಡಾದರೂ ಗೋತ್ರವು ಒಂದೇ. ಶಿಕಾಗೊದ ಆದ್ಯರು ಕೈಗೊಂಡ ಮೊದಲ ಸಾರ್ವಜನಿಕ ಕಾರ್ಯವು ನಗರಸಭೆಯ ಕಟ್ಟಡದ ಬಳಿ ಸಾರ್ವಜನಿಕ ಶೌಚಾಲಯವನ್ನು ಏರ್ಪಡಿಸಿದುದು. ಈ ಅಂಗವನ್ನು ವಿಕೃತಿಗಳೆಲ್ಲವೂ ಪ್ರಕೃತಿಯಷ್ಟೇ ಶ್ರದ್ಧೆಯಿಂದ ಅನುಸರಿಸಿದ್ದಲ್ಲಿ ನಮ್ಮ ಬಸ್ ನಿಲ್ದಾಣಗಳ ಚರಿತ್ರೆಯೇ ಬೇರೆಯಾಗುತ್ತಿತ್ತು. ಆದರೆ ವಿಕೃತಿಯಲ್ಲಿ ಎಲ್ಲಕ್ಕಿಂತ ಮೊದಲು ಇಳಿದು ಬಂದ ಅಂಗಗಳು ಗಂಟೆ, ಕೊರಳಪಟ್ಟಿ, ಮತ್ತು ಕೋಟಿನ ಮೇಲಿನ ಬಿಲ್ಲೆ.

ವಿಕೃತಿಯಲ್ಲಿ ದ್ರವ್ಯವೋ ದೇವತೆಯೋ ಬೇರೆಯಾದಾಗ ಪ್ರಕೃತಿಯ ಮಂತ್ರವನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದಕ್ಕೆ ಊಹವೆಂದು ಹೆಸರು. ಶಿಕಾಗೊದ ಮಧ್ಯಾಹ್ನಭೋಜನವು ನಮ್ಮಲ್ಲಿ ರಾತ್ರಿಯ ಚೌಚೌಬಾತ್ ಆಗಿಯೂ, ಮದ್ದೂರು ಸಮೀಪವಿರುವುದರಿಂದ ವಡೆಯಾಗಿಯೂ ಪರಿಣಮಿಸಿರುವುದು ಊಹದ ಫಲವೇ. ಊಹಕ್ಕೂ ಬಗ್ಗದ ಅಂಗವು ಒಂದುಂಟು. ರೋಟರಿ, ಲಯನ್ಸ್ ಎರಡರ ವರ್ಷವೂ ಜುಲೈ ಒಂದರಿಂದ ಆರಂಭವಾಗುವುದು. ನಮ್ಮ ಪಂಚಾಂಗದಲ್ಲಿ ಅದು ಆಷಾಢದ ಹೊಸ್ತಿಲಿಗೋ ಒಳಕ್ಕೋ ಬೀಳುವುದು. ಹೊಸ ಮದುಮಗಳನ್ನು ಸಹ ತವರಿಗೆ ಕಳುಹಿಸುವ ಆ ಮಾಸದಲ್ಲಿ ಅಧ್ಯಕ್ಷನಾಗಿ ಪದಗ್ರಹಣ ಮಾಡುವುದೆಂತು? ವಿರೋಧ ಬಂದಾಗ ದುರ್ಬಲವು ಬಾಧಿತವಾಗುವುದೆಂಬ ನ್ಯಾಯದಿಂದ ಇಲ್ಲಿ ಆಷಾಢವೇ ಬಾಧಿತವಾಗುತ್ತದೆ. ಆದರೂ ಜಾಣನಾದ ಅಧ್ಯಕ್ಷನು ಜ್ಯೇಷ್ಠದಲ್ಲಿಯೇ ಒಂದು ಒಳ್ಳೆಯ ದಿನ ನೋಡಿ, ಮನೆಯ ದೇವರ ಮುಂದೆ, ಹೆಂಡತಿಯ ಸಮಕ್ಷಮದಲ್ಲಿ, ಕೊರಳಪಟ್ಟಿಯನ್ನು ಒಮ್ಮೆ ಧರಿಸಿ ತೆಗೆದಿಟ್ಟಿರುತ್ತಾನೆ.

ಕರ್ಮವಿಭಾಗ

ಕರ್ಮವು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆ. ಮಾಡಿದರೆ ವಿಶೇಷ ಫಲವಿಲ್ಲದೆ, ಮಾಡದಿದ್ದರೆ ಮಾತ್ರ ದೋಷವುಳ್ಳದ್ದು ನಿತ್ಯ. ವಾರದ ಸಭೆಯು ಈ ಲಕ್ಷಣಕ್ಕೆ ನಿದರ್ಶನವಾಗಿ ಯಾವ ಗ್ರಂಥದಲ್ಲಾದರೂ ಸೇರಲು ಯೋಗ್ಯವಾದುದು. ರಾಜ್ಯೋತ್ಸವ, ಶಿಕ್ಷಕರ ದಿನಾಚರಣೆ, ಸಂಘದ ಜಿಲ್ಲಾ ಗವರ್ನರ್ ಸಾಹೇಬರ ಭೇಟಿ, ಇವು ನೈಮಿತ್ತಿಕಗಳು. ಸಂತಾನಾರ್ಥಿಗಳು ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸುವುದು ಹೇಗೆ ಕಾಮ್ಯವೋ ಹಾಗೆಯೇ ಮುಂದಿನ ಸಾಲಿನ ಅಧ್ಯಕ್ಷಪದವನ್ನು ಬಯಸಿದವನು ಈ ಸಾಲಿನ ಊಟದ ಖರ್ಚನ್ನು ತಾನಾಗಿ ವಹಿಸಿಕೊಳ್ಳುವುದೂ ಕಾಮ್ಯ. ಕೃಷ್ಣನು ಹರಕೆಯನ್ನು ಯಾವಾಗ ಸಲ್ಲಿಸಿದರೂ ಸ್ವೀಕರಿಸುವನು. ನಾಮನಿರ್ದೇಶನ ಸಮಿತಿಯು ಮುಂಗಡವಾಗಿಯೇ ಅಪೇಕ್ಷಿಸುವುದು.

ಲೋಪಕ್ಕೆ ಪ್ರಾಯಶ್ಚಿತ್ತವೂ ಉಂಟು. ತನ್ನೂರಿನ ಸಭೆಗೆ ತಪ್ಪಿಸಿಕೊಂಡ ರೊಟೇರಿಯನ್ನನು ಬೇರೊಂದು ಊರಿನ ಸಂಘದಲ್ಲಿ ಕುಳಿತು ಹಾಜರಿಯನ್ನು ತಂದೊಪ್ಪಿಸಿದರೆ ಶುದ್ಧನಾಗುವನು. ಲಯನ್ಸ್ ಶಾಖೆಯಲ್ಲಿ ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿಯಿದ್ದು, ಬಿಲ್ಲೆಯನ್ನು ಮರೆತವನಿಗೂ, ಹೆಂಡತಿಯ ಹುಟ್ಟಿದ ದಿನವನ್ನು ಮರೆತವನಿಗೂ, ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಜಂಬಪಟ್ಟವನಿಗೂ ಸಮಾನವಾಗಿ ದಂಡ ವಿಧಿಸುವನು. ಯುಗಧರ್ಮವು ಕ್ಷೀಣಿಸಿದಂತೆ ವ್ರತಗಳೂ ಸಡಿಲವಾಗತಕ್ಕವೆಂಬ ಸ್ಮೃತಿಕಾರರ ಮತವನ್ನು ಅಂಗೀಕರಿಸಿಯೋ ಎಂಬಂತೆ, 2016ರಲ್ಲಿ ರೋಟರಿಯ ಶಾಸನಸಭೆಯು ತಿಂಗಳಿಗೆ ಎರಡು ಸಭೆಯಾದರೂ ಸಾಕೆಂದು ವಿಧಿಸಿತು. ಮೂರು ಗಂಟೆಯ ಸಭೆಗೆ ಇದರಿಂದ ಯಾವ ಬಾಧೆಯೂ ಉಂಟಾಗಲಿಲ್ಲ. ಅದು ಆರು ಗಂಟೆಯ ಸಾಮರ್ಥ್ಯವನ್ನು ಗಳಿಸಿತು.

ಪ್ರಯೋಗವಿಧಿ

ಸಭೆಯಲ್ಲಿ ಆರಂಭದಲ್ಲಿಯೇ ಪಠಿಸಲ್ಪಡುವುದು ಹಿಂದಿನ ಸಭೆಯ ನಡಾವಳಿ. ವೇದದಂತೆ ಇದು ಅಪೌರುಷೇಯ: ಇದನ್ನು ಸೂಚಿಸಿದವರಾರು, ಅನುಮೋದಿಸಿದವರಾರು ಎಂಬುದು ಅವರಿಗೇ ತಿಳಿಯದು, ಕಾರ್ಯದರ್ಶಿಗಳು ಇದನ್ನು ರಚಿಸಲಿಲ್ಲ, ಕಂಡರು. ಯಾರೂ ಕೇಳಿಸಿಕೊಳ್ಳದಿರುವಾಗಲೂ ಇದನ್ನು ಸಸ್ವರವಾಗಿ ಓದಿಯೇ ತೀರತಕ್ಕದ್ದು.

ಅನಂತರ ಬರುವ ಅತಿಥಿಪರಿಚಯವು ಅರ್ಥವಾದ. ಯೂಪಸ್ತಂಭವನ್ನು ಸೂರ್ಯನೆಂದು ಹೊಗಳಿದ ಮಾತ್ರಕ್ಕೆ ಆ ಕಂಬವು ಬೆಳಗಬೇಕಾಗಿಲ್ಲವೆಂದೂ, ಸ್ತುತಿಯ ತಾತ್ಪರ್ಯವು ಅಕ್ಷರಾರ್ಥದಲ್ಲಿರದೆ ಕರ್ಮದಲ್ಲಿ ರುಚಿಯನ್ನು ಹುಟ್ಟಿಸುವುದರಲ್ಲಿದೆಯೆಂದೂ ಶಾಸ್ತ್ರವು ಹೇಳುತ್ತದಷ್ಟೆ. ಅಂತೆಯೇ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರನ್ನು ನಡೆದಾಡುವ ವಿಶ್ವಕೋಶವೆಂದು ವರ್ಣಿಸಿದಾಗ ಸಾಲದ ಅರ್ಜಿಗಳಲ್ಲಿ ರುಚಿ ಹುಟ್ಟಿಸುವುದೇ ವಾಕ್ಯದ ತಾತ್ಪರ್ಯ. ಸ್ತುತಿಯ ಕಡೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ನೆನಪಿನ ಕಾಣಿಕೆ. ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಬೊಂಬೆಗಳಿಗಾಗಿ ಭೌಗೋಳಿಕ ಗುರುತಿನ ಮುದ್ರೆಯನ್ನೇ ಪಡೆದಿರುವ ಚನ್ನಪಟ್ಟಣವು ಕೂಗಳತೆಯಲ್ಲಿರಲು, ಆ ಕಾಣಿಕೆಯು ಮಾತ್ರ ಬೆಂಗಳೂರಿನಿಂದ ತಂದ ಗಾಜಿನ ಪೆಟ್ಟಿಗೆಯಾಗಿರುವುದೇಕೆಂಬ ಪ್ರಶ್ನೆಗೆ ಭಾಷ್ಯಕಾರರಲ್ಲಿ ಉತ್ತರವಿಲ್ಲ.

ಅತಿಥಿಯು ಬಾರದಿದ್ದಲ್ಲಿ ಪ್ರತಿನಿಧಿನ್ಯಾಯವು ಪ್ರವರ್ತಿಸುತ್ತದೆ. ಸೋಮಲತೆ ಸಿಕ್ಕದಾಗ ಪೂತೀಕವನ್ನು ಹಿಂಡತಕ್ಕದ್ದೆಂಬ ವಿಧಿಯಂತೆ, ಶಾಸಕರು ಸಿಕ್ಕದಾಗ ತಹಸೀಲ್ದಾರರನ್ನೂ, ಅವರೂ ಸಿಕ್ಕದಾಗ ಸಭೆ ನಡೆಯುವ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಕೂರಿಸಲಾಗುವುದು. ಆಗ ಶಾಸಕರಿಗಾಗಿ ಸಿದ್ಧವಾದ ಪರಿಚಯವನ್ನೇ ಅವರ ಮೇಲೆ ಓದುವುದುಂಟು, ಅವರು ಅಭ್ಯಂತರಪಡುವುದಿಲ್ಲ. ಪ್ರತಿನಿಧಿಯೇ ಇಲ್ಲದ ವಸ್ತುಗಳೆಂದು ನಿರ್ಣೀತವಾಗಿರುವುವು ಎರಡು: ಮೈಕಿನವನು ಮತ್ತು ಫೋಟೊದವನು.

ಸತ್ರನ್ಯಾಯ

ಫೋಟೊ ಎಂಬ ಕರ್ಮವು ಸತ್ರಯಾಗದ ಜಾತಿಗೆ ಸೇರಿದುದು. ಸತ್ರದಲ್ಲಿ ಹದಿನೇಳಕ್ಕೆ ಕಡಿಮೆಯಿಲ್ಲದ ಜನರು ಕೂಡಿ, ಎಲ್ಲರೂ ಯಜಮಾನರೇ ಆಗಿ, ಪ್ರತಿಯೊಬ್ಬನೂ ಫಲವನ್ನು ಪಾಲಿಲ್ಲದೆ ಪೂರ್ಣವಾಗಿ ಪಡೆಯುವನು. ಸರಕಾರಿ ಶಾಲೆಯ ಹುಡುಗಿಯೊಬ್ಬಳಿಗೆ ಇನ್ನೂರು ಪುಟದ ನೋಟ್‌ಪುಸ್ತಕವೊಂದನ್ನು ಕೊಡುವಾಗ ಅದರ ಅಂಚನ್ನು ಹದಿನೇಳು ಕೈಗಳು ಹಿಡಿದಿರುವುದೂ, ಹಿಂದಿನ ಸಾಲಿನವರನ್ನು "ಗೌಡ್ರೇ, ಒಸಿ ಮುಂದಕ್ ಬನ್ನಿ, ಫೋಟೋದಾಗೆ ಬೀಳಕಿಲ್ಲ" ಎಂದು ಆದರದಿಂದ ಕರೆಯುವುದೂ ಈ ನ್ಯಾಯದ ಬಲದಿಂದಲೇ. ಪುಸ್ತಕವು ಕಾಣುವುದಿಲ್ಲವಲ್ಲ ಎಂದರೆ, ಆಹುತಿಯೂ ಅಗ್ನಿಯಲ್ಲಿ ಕಾಣುವುದಿಲ್ಲವೆಂದು ಪರಿಹಾರ.

ಅಂಗಾಂಗಿ ನಿರ್ಣಯ

ಈಗ ಮುಖ್ಯ ಪ್ರಶ್ನೆ. ಸಭೆಯು ಸೇವೆಗೆ ಅಂಗವೋ, ಸೇವೆಯು ಸಭೆಗೆ ಅಂಗವೋ?

ಸೇವೆಯೇ ಪ್ರಧಾನವೆಂಬುದು ಒಂದು ಪಕ್ಷ. ಇದಕ್ಕೆ ಪ್ರಮಾಣಗಳು ಪ್ರಬಲವಾಗಿವೆ. ಅಂಧರ ಸೇವೆಯನ್ನು ಕೈಗೊಳ್ಳಿರೆಂದು 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶವನ್ನು ಪ್ರಾರ್ಥಿಸಿದರು; ಕಣ್ಣಿನ ಶಿಬಿರಗಳು ಅಂದಿನಿಂದ ಆ ಶಾಖೆಯ ಕುಲಧರ್ಮವಾದುವು. 1985ರಲ್ಲಿ ರೋಟರಿಯು ಪೋಲಿಯೊ ನಿರ್ಮೂಲನಕ್ಕೆ ಕೈಹಾಕಿತು. ಭಾನುವಾರಗಳಂದು ಮಕ್ಕಳ ಬಾಯಿಗೆ ಎರಡೆರಡು ಹನಿ ಹಾಕುತ್ತ ಬಂದ ಅಸಂಖ್ಯ ಕೈಗಳ ಫಲವಾಗಿ 2014ರ ಮಾರ್ಚ್ 27ರಂದು ಭಾರತವು ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು. ನಮ್ಮ ನಾಡಿನಲ್ಲಿಯೇ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ, ಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪೊರೆಯನ್ನು ತೆಗೆದ ದೃಶ್ಯವನ್ನು ಹಿರಿಯರು ಇಂದಿಗೂ ವರ್ಣಿಸುತ್ತಾರೆ. ಇಂಥ ದೃಷ್ಟಫಲದ ಮುಂದೆ ವಂದನಾರ್ಪಣೆಯೆಂಬುದಕ್ಕೆ ಏನು ಬೆಲೆ?

ಇನ್ನೊಂದು ಪಕ್ಷದವರು ಹೇಳುವುದೇನೆಂದರೆ: ಶಿಬಿರವು ವರ್ಷಕ್ಕೆ ಒಂದು, ಸಭೆಗಳು ಐವತ್ತೆರಡು, ಹೆಚ್ಚು ಆವೃತ್ತಿಯುಳ್ಳದ್ದೇ ಪ್ರಧಾನ. ಇವರು ಒಂದು ದೃಷ್ಟಾಂತವನ್ನೂ ಕೊಡುತ್ತಾರೆ. ಒಂದು ಸಂಘವು ಮೂರು ಸಭೆಗಳಲ್ಲಿ ಚರ್ಚಿಸಿ, ಶಾಮಿಯಾನ, ಬ್ಯಾನರು, ಡಾಕ್ಟರ ದಿನ ಎಲ್ಲವನ್ನೂ ನಿಶ್ಚಯಿಸಿ ನೇತ್ರಶಿಬಿರವನ್ನು ಏರ್ಪಡಿಸಿತೆನ್ನಿ. ಆ ದಿನ ಸುತ್ತಲ ಹಳ್ಳಿಗಳಿಂದ ಒಬ್ಬರೂ ಬರಲಿಲ್ಲ. ಮನೆಮನೆಗೆ ಹೋಗಿ ವಿಚಾರಿಸಲಾಗಿ, ತಟ್ಟೆಗಳ ನಡುವೆ ಕುಳಿತಿದ್ದ ಮುದುಕಿಯೊಬ್ಬಳು ತಲೆಯೆತ್ತದೆ ಹೇಳಿದಳು: "ಹುಳ ಹಣ್ಣಾಗವೆ ಕಣಪ್ಪ, ಚಂದ್ರಿಕೆಗೆ ಬಿಡೋರ್ಯಾರು? ಕಣ್ಣೆಲ್ಲಿಗ್ ಹೋಯ್ತದೆ, ಇಲ್ಲೇ ಇರ್ತದೆ." ಜ್ವರವೆನ್ನಿಸುವ ಚರ್ಮ ಕಳಚುವ ನಿದ್ರೆಗಳು ನಾಲ್ಕನ್ನು ಕಳೆದು, ಒಂದು ವಾರ ಹಗಲಿರುಳೂ ಸೊಪ್ಪು ತಿಂದು, ಮೈ ತಿಳಿಯಾಗಿ ಹಣ್ಣಾದ ರೇಷ್ಮೆಹುಳುವು ಯಾವ ಅಧ್ಯಕ್ಷರಿಗಾಗಿಯೂ ಕಾಯುವುದಿಲ್ಲ, ಆಗಲೇ ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಗೂಡು ಕೆಟ್ಟು ತಿಂಗಳ ದುಡಿಮೆ ಮಣ್ಣಾಗುವುದು. ಮುಂದಿನ ವಾರದ ನಡಾವಳಿಯಲ್ಲಿ ಶಿಬಿರವು ಅಭೂತಪೂರ್ವವಾಗಿ ಯಶಸ್ವಿಯಾಯಿತೆಂದು ದಾಖಲಾಯಿತು. ಸೇವೆ ನಡೆಯದೆಯೂ ಸಭೆ ಪೂರ್ಣವಾಗಬಲ್ಲುದಾದ್ದರಿಂದ ಸಭೆಯೇ ಅಂಗಿಯೆಂದು ಇವರ ವಾದ.

ಸಿದ್ಧಾಂತವು ಹೀಗೆ. ಆ ದೃಷ್ಟಾಂತದ ಉತ್ತರಭಾಗವನ್ನು ವಾದಿಗಳು ಬಿಟ್ಟಿದ್ದಾರೆ. ಗೂಡು ಬಿಡಿಸಿ ಮುಗಿದ ಮೇಲೆ, ಔಷಧದ ಅಂಗಡಿಯ ಸದಸ್ಯನೊಬ್ಬನೂ ರೀಲರ್ ಆಗಿದ್ದ ಸದಸ್ಯನೊಬ್ಬನೂ, ಯಾವ ಠರಾವೂ ಇಲ್ಲದೆ, ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿಬರುವ ವ್ಯಾನಿನಲ್ಲಿಯೇ ಆ ಮುದುಕಿಯನ್ನೂ ಅವಳ ವಾರಗಿತ್ತಿಯನ್ನೂ ಕೂರಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡು ಬಂದರು. ಫೋಟೊ ಇಲ್ಲ, ನಡಾವಳಿಯಲ್ಲಿ ಸಾಲೂ ಇಲ್ಲ. ಆ ಇಬ್ಬರು ಒಂದೇ ಜಾತಿಯವರಲ್ಲ, ಒಂದೇ ಪಕ್ಷದವರಲ್ಲ, ಅವರಿಗೆ ವ್ಯವಹಾರಸಂಬಂಧವೂ ಇರಲಿಲ್ಲ. ಅವರು ಒಬ್ಬರನ್ನೊಬ್ಬರು ಬಲ್ಲವರಾದುದು ವರ್ಷಾನುಗಟ್ಟಲೆ ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು ಒಂದೇ ಸ್ವಾಗತಭಾಷಣವನ್ನು ಜೊತೆಯಾಗಿ ಸಹಿಸಿದುದರಿಂದ. ಇಂದು ಮಾಡಿದ ಕರ್ಮಕ್ಕೂ ಎಂದೋ ಬರುವ ಫಲಕ್ಕೂ ನಡುವೆ ಕಾಣದೆ ನಿಂತು ಕೊಂಡಿಯಾಗುವ ಶಕ್ತಿಯನ್ನು ಮೀಮಾಂಸಕರು ಅಪೂರ್ವವೆಂದರು. ವಾರಸಭೆಯ ಅಪೂರ್ವವು ಇದೇ, ಜೊತೆಯಾಗಿ ಅನುಭವಿಸಿದ ಬೇಸರ. ಭಾಷಣವು ದೀರ್ಘವಾದಷ್ಟೂ ಅದು ಬಲವಾಗುವುದು. ಶಿಕಾಗೊದ ವಕೀಲನು ದರ್ಜಿಯೊಡನೆ ಕೂತು ಅರಸಿದುದೂ ಬಹುಶಃ ಇದನ್ನೇ. ಆದುದರಿಂದ ಭಾಷಣಗಳನ್ನು ಮೊಟಕುಗೊಳಿಸಬೇಕೆಂಬ ಸುಧಾರಕರ ಮತವು ತ್ಯಾಜ್ಯ.

ಹೀಗೆ ಪೂರ್ವಾಚಾರವೆಲ್ಲವನ್ನೂ ಇದ್ದಂತೆಯೇ ಉಳಿಸಿ, ಈ ಶಾಸ್ತ್ರವು ಹೊಸದಾಗಿ ವಿಧಿಸುವುದು ಒಂದನ್ನು ಮಾತ್ರ: ಶಿಬಿರದ ದಿನವನ್ನು ಡಾಕ್ಟರನ್ನು ಕೇಳುವುದಕ್ಕೆ ಮುಂಚೆ ಹುಳುಸಾಕಣೆಯ ಮನೆಯ ಹೆಂಗಸರನ್ನು ಕೇಳಿ ನಿಶ್ಚಯಿಸತಕ್ಕದ್ದು. ವಿಧಿಯ ಹಿಂದೆಯೇ ಅದನ್ನು ಹೊಗಳುವ ಅರ್ಥವಾದವು ಬರಬೇಕೆಂಬುದು ನಿಯಮ. ಆ ಭಾಗವನ್ನು ಮುಂದಿನ ವಾರ ಅತಿಥಿಪರಿಚಯ ಮಾಡುವವರಿಗೆ ಬಿಟ್ಟುಕೊಡಲಾಗಿದೆ.