ಪಂಚಮದ ತಂತಿ

ಮೈಸೂರಿನ ಕಾಲೇಜೊಂದರಲ್ಲಿ ಬಿ.ಎ. ತರಗತಿಗೆ ಸೇರಿ, ಪತ್ರಿಕೋದ್ಯಮ ಮತ್ತು ಸಂಗೀತಗಳನ್ನು ಐಚ್ಛಿಕ ವಿಷಯಗಳಾಗಿ ಆಯ್ದುಕೊಂಡಿರುವೆನೆಂದು ನಾನು ಅರುಹಿದಾಗ, ನಮ್ಮ ಸೋದರಮಾವನವರು ಕಾಫಿಯ ಲೋಟವನ್ನು ಕೆಳಗಿಟ್ಟು, ಒಂದರಿಂದ ಊಟ ಹುಟ್ಟದು, ಇನ್ನೊಂದರಿಂದ ಉಪ್ಪಿನಕಾಯಿಯೂ ಹುಟ್ಟದು ಎಂದು ಭವಿಷ್ಯ ನುಡಿದರು. ನಾನಾದರೋ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿ ‘ಆಕಾಶವಾಣಿ’ಯೆಂಬ ಹೆಸರನ್ನು ಮೊಳಗಿಸಿದ ಊರಿನವನು, ವಾರ್ತೆಯೂ ಗಾನವೂ ಒಂದೇ ಪೆಟ್ಟಿಗೆಯಿಂದ ಹೊರಡುವುದನ್ನು ಕೇಳಿಯೇ ಬೆಳೆದವನು. ಹೊರಡುವಾಗ ಅನ್ಯೋನ್ಯವಾಗಿದ್ದ ಇವೆರಡೂ ಒಂದೇ ತಲೆಯೊಳಗೆ ಹೊಕ್ಕ ಮೇಲೆ ಸವತಿಯರಂತೆ ಕಾದಾಡುವುವೆಂಬುದು ನನಗೆ ಹೊಳೆದಿರಲಿಲ್ಲ.

ಯಾರು, ಏನು, ಎಲ್ಲಿ, ಯಾವಾಗ ಎಂಬುದೆಲ್ಲ ಮೊದಲ ವಾಕ್ಯದಲ್ಲಿಯೇ ಬಂದುಬಿಡಬೇಕೆಂದು ಪತ್ರಿಕೋದ್ಯಮದ ಮೇಷ್ಟ್ರು ಬೆಳಗ್ಗೆ ಹತ್ತಕ್ಕೆ ಬೋಧಿಸಿದುದನ್ನು ನಾನು ಹನ್ನೊಂದರ ಸಂಗೀತದ ತರಗತಿಗೆ ಹೊತ್ತೊಯ್ದು, ಕಲ್ಯಾಣಿಯ ಆಲಾಪನೆಗೆ ತೊಡಗಿದ ಮೊದಲ ಉಸಿರಿನಲ್ಲಿಯೇ ತಾರಷಡ್ಜವನ್ನು ಮುಟ್ಟಿದೆನು. “ಬಾಗಿಲಲ್ಲೇ ಪಾಯಸ ಬಡಿಸಿಬಿಟ್ಟೆಯಲ್ಲಯ್ಯಾ, ಒಳಗೆ ಕರೆದು ಇನ್ನೇನು ಕೊಡ್ತೀಯೆ?” ಎಂದರು ವಿದ್ವಾಂಸರು. ಅದನ್ನು ಮನಸ್ಸಿಗೆ ತಂದುಕೊಂಡು ಮರುವಾರ ಬರೆದ ವರದಿಯಲ್ಲಿ ದಿನಸಿ ಅಂಗಡಿಗೆ ಬೆಂಕಿ ಬಿದ್ದುದು ನಾಲ್ಕನೆಯ ಪರಿಚ್ಛೇದದಲ್ಲಿ; ಅಲ್ಲಿಯವರೆಗೆ ಆ ಬೀದಿಯ ಮುಂಜಾವಿನ ವರ್ಣನೆ. (ವರದಿ ಚೆನ್ನಾಗಿತ್ತೆಂಬುದು ಇಂದಿಗೂ ನನ್ನ ಅಭಿಪ್ರಾಯ.)

ವಾರ್ಷಿಕ ಪರೀಕ್ಷೆಗಾಗಿ ಐದು ನಿಮಿಷದ ಬಾನುಲಿ ಕಾರ್ಯಕ್ರಮವೊಂದನ್ನು ಸಿದ್ಧಪಡಿಸಬೇಕಾಗಿ ಬಂದಾಗ, ವಿದ್ವಾಂಸರನ್ನೇ ಹಾಡಲು ಬೇಡಿಕೊಂಡು ಧ್ವನಿಮುದ್ರಣದ ಕೋಣೆಗೆ ಕರೆತಂದೆನು. ಅವರದು ಒಂದು ಮನೆ ಶ್ರುತಿ. ತಂಬೂರಿಯನ್ನು ಮಡಿಲಿಗೆಳೆದುಕೊಂಡು ಪಂಚಮದ ತಂತಿಯ ಬಿರಡೆಯನ್ನು ತಿರುಗಿಸುತ್ತಾರೆ, ಮಣಿಯನ್ನು ಸರಿಸುತ್ತಾರೆ, ಜೀವಾಳದ ನೂಲನ್ನು ಉಗುರಿನಿಂದ ಮೀಟಿ ಮೀಟಿ ನೋಡುತ್ತಾರೆ; ಕಾಲು ಗಂಟೆಯಾದರೂ ಅದು ಕೂಡಲೊಲ್ಲದು. ಕೊನೆಗೆ ಗೋಡೆಗೆ ಕಿವಿಯಿಟ್ಟು, “ತಂತಿ ಸರಿಯಾಗಿದೆ, ನಿಮ್ಮ ಕೋಣೆಯೇ ಅಪಸ್ವರ” ಎಂದರು. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅದರ ಇಮ್ಮಡಿಯಾದ 100ರಲ್ಲಿ ಯಂತ್ರವು ಗುಂಯ್ಗುಡುತ್ತಿದ್ದಿತು. ಅವರ ಮಂದ್ರಪಂಚಮವಾದರೋ 98. ಆ ಎರಡರ ಅಂತರವು ನಾಲ್ಕು ವರ್ಷಗಳಿಂದ ಅಲ್ಲಿ ದುಡಿಯುತ್ತಿದ್ದ ಯಾರಿಗೂ ಬಾಧಕವಾಗಿರಲಿಲ್ಲ.

ಯಂತ್ರವನ್ನು ಪಕ್ಕದ ಕೋಣೆಗೆ ಸಾಗಿಸಿ ಮುದ್ರಿಸಿದುದಾಯಿತು. ಏಳು ನಿಮಿಷವಾಗಿದ್ದ ಆದಿತಾಳದ ಕೀರ್ತನೆ ಐದಕ್ಕೆ ಇಳಿಯಬೇಕು. ಗಾಯಕನು ಬಾಯಿ ಮುಚ್ಚಿರುವ ಸ್ಥಳವೆಲ್ಲ ವ್ಯರ್ಥವೆಂದು ತರಗತಿಯಲ್ಲಿ ಕಲಿತಿದ್ದ ನಾನು, ಸಂಗತಿಗಳ ನಡುವೆ ತಂಬೂರಿಯೊಂದೇ ಮೊರೆಯುತ್ತಿದ್ದ ಎಡೆಗಳನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸಿ, ಸರಿಯಾಗಿ ಐದು ನಿಮಿಷಕ್ಕೆ ತಂದು ನಿಲ್ಲಿಸಿದೆನು. ಕೀರ್ತನೆಯಾದರೋ ಅನಾಗತ ಗ್ರಹದ್ದು. ತಾಳ ಮೊದಲಾದ ಮೇಲೆ ತುಸು ತಡೆದು ಹಾಡು ಏಳತಕ್ಕದ್ದು. ಆ ತಡೆಯೂ ನನ್ನ ಕತ್ತರಿಗೆ ಬಲಿಯಾಗಿದ್ದಿತು.

ಇಬ್ಬರು ಗುರುಗಳೂ ಅಕ್ಕಪಕ್ಕದಲ್ಲಿ ಕುಳಿತು ಆಲಿಸಿದರು. ಪತ್ರಿಕೋದ್ಯಮದ ಮೇಷ್ಟ್ರು ಗಡಿಯಾರ ನೋಡಿ ಪ್ರಸನ್ನರಾಗಿ, “ಬಿಗಿಯಾಗಿದೆ” ಎಂದು ಇಪ್ಪತ್ತಕ್ಕೆ ಹದಿನೆಂಟು ಬರೆದರು. ತೊಡೆಯ ಮೇಲೆ ತಾಳ ಹಾಕತೊಡಗಿದ್ದ ವಿದ್ವಾಂಸರ ಬಲಗೈ ಮಾತ್ರ ಎರಡನೆಯ ಆವರ್ತದಲ್ಲಿ ಮೇಲೆದ್ದುದು, ಎಲ್ಲಿ ಇಳಿಯಬೇಕೆಂದು ತಿಳಿಯದೆ, ಹಾಡು ಮುಗಿಯುವವರೆಗೂ ಗಾಳಿಯಲ್ಲಿಯೇ ನಿಂತಿದ್ದಿತು.